ನಿನ್ನೆ ರಾತ್ರಿ ಮನೆಗೆ ನುಗ್ಗಿದ ನಾಲಾ ನೀರಿನ ಕುರಿತು ಓಣಿಯ ಮೊಬೈಲ್ ಗುಂಪಿನಲ್ಲಿ ನಡೆದ ಮಾತುಕತೆ

ಮೂರನೇ ಕ್ರಾಸ್, ಕೊನೆಯ ಮನೆ: ನಿನ್ನೆ ರಾತ್ರಿ ನಮ್ಮ ಬೆಳಗಾವಿಯ ಬಳ್ಳಾರಿ ನಾಲಾದ ನೀರು ಮತ್ತೆ ನಮ್ಮ ಹೊಸ್ತಿಲು ದಾಟಿತು. ಅತ್ತೆಯವರನ್ನು ಮಂಚದ ಮೇಲೆ ಕೂರಿಸಿ ಜೋಳದ ಚೀಲಗಳನ್ನು ಎತ್ತಿಡುವಷ್ಟರಲ್ಲಿ ಕೆಳಗಿನ ಚೀಲ ನೆನೆದು ತೊಪ್ಪೆಯಾಗಿತ್ತು. 2019ರ ಆಗಸ್ಟ್‌ನಿಂದ ಇದೇ ಮಾತು ಆಡುತ್ತಿದ್ದೇವೆ. ಇನ್ನು ಸಹಿಸಲಾಗದು, ಇಂದೇ ತೀರ್ಮಾನವಾಗಬೇಕು.

ಗುಡಿ ಪಕ್ಕದ ಮನೆ: ತಂಗಿ, ಮೊದಲನೇ ಕ್ರಾಸಿನವರು ಗಟಾರಿನ ಮೇಲೆ ಚಪ್ಪಡಿ ಹಾಸಿ ಕಾರು ನಿಲ್ಲಿಸಿಕೊಂಡಿದ್ದಾರೆ. ಅದನ್ನು ತೆಗೆಸದೆ ಬೇರೆ ಮಾತೇ ಬೇಡ.

ಮೊದಲನೇ ಕ್ರಾಸ್: ಕಾಕಾ, ಮಕ್ಕಳು ಬೀಳಬಾರದೆಂದು ಚಪ್ಪಡಿ ಹಾಸಿದ್ದೇವೆ. ನಿಮ್ಮ ಕಾಂಪೌಂಡ್ ನಾಲಾದ ಅಂಚಿಗೆ ಎಷ್ಟು ಸರಿದಿದೆ ಎಂಬುದನ್ನೂ ಅಳೆಯೋಣ.

ಗುಡಿ ಪಕ್ಕದ ಮನೆ: ಅಳೆಯಿರಿ. ನನ್ನ ಬಳಿ ಜಾಗದ ಉತಾರವೂ (ದಾಖಲೆ) ಇದೆ, ನಕಾಶೆಯೂ ಇದೆ.

ಎರಡನೇ ಕ್ರಾಸ್, ಮಹಡಿ ಮನೆ: *(ಬಂದ ಸಂದೇಶ)* ಹಿಡಕಲ್ ಅಣೆಕಟ್ಟೆ ಒಡೆಯಲಿದೆ, ಬೆಳಗಾವಿ ಮುಳುಗಲಿದೆ, ಎಲ್ಲರಿಗೂ ಕಳುಹಿಸಿ.

ನಿವೃತ್ತ ಶಿಕ್ಷಕರು: ಇದನ್ನು ದಯವಿಟ್ಟು ಅಳಿಸಿರಿ. ಹಿಡಕಲ್ ಇರುವುದು ಘಟಪ್ರಭಾ ನದಿಗೆ. ಅಲ್ಲಿಂದ ನಾವು ಕುಡಿಯುವ ನೀರನ್ನು ಪಂಪ್ ಮಾಡಿ ತರುತ್ತೇವೆ, ಅದು ತಾನಾಗಿ ನಮ್ಮ ಓಣಿಗೆ ಹರಿದು ಬರುವುದಿಲ್ಲ.

ಇನ್ನು ನಮ್ಮ ನಾಲಾದ ಮಾತು. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ತೇವಾಂಶ ಹಿಡಿದಿಡಬಲ್ಲದು; ಹೀಗಾಗಿ ಜಿಟಿಜಿಟಿಯಾಗಿ ಬರಬೇಕಾದ ಮಳೆ ಒಂದೆರಡು ರಾತ್ರಿಯಲ್ಲಿ ಸುರಿದು, ಆಮೇಲೆ ಕೈಕೊಡುವುದು ಹೆಚ್ಚುತ್ತಿದೆ. 2023ರಲ್ಲಿ ಮುಂಗಾರು ತಡವಾಗಿ ಊರಿಗೆ ನೀರು ಕೊಡುವ ರಕ್ಕಸಕೊಪ್ಪ ಜಲಾಶಯ ಬತ್ತುತ್ತ ಬಂದಾಗ ನಾವೆಲ್ಲ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಿದ್ದೆವು. ಬೇಸಿಗೆಯಲ್ಲಿ ಖಾನಾಪುರದ ಕಡೆ ಗುಡ್ಡಕ್ಕೆ ಬೆಂಕಿ ಬಿದ್ದರೆ ತರಗೆಲೆಯ ಹೊದಿಕೆ ಸುಟ್ಟು, ಮೊದಲ ದೊಡ್ಡ ಮಳೆಗೇ ಮಣ್ಣು ಕೊಚ್ಚಿ ಹಳ್ಳ ಸೇರುತ್ತದೆ. ಚಪ್ಪಡಿಯೂ ತಪ್ಪು, ಕಾಂಪೌಂಡೂ ತಪ್ಪು; ಆದರೆ ಎರಡನ್ನೂ ಒಡೆದರೂ ಹೂಳು ತುಂಬಿದ ನಾಲಾ ಇಂಥ ಮಳೆಯನ್ನು ತಾಳದು. ಹೂಳು ತೆಗೆಸಲು ಎಲ್ಲರೂ ಸಹಿ ಮಾಡಿದ ಅರ್ಜಿ ಕೊಡೋಣ, ತಾರಸಿಯ ನೀರನ್ನು ಸೋಸಿ ನಮ್ಮ ಓಣಿಯ ಬಾವಿಗೆ ಇಳಿಸೋಣ. ನಮ್ಮೂರಲ್ಲಿ ನಡೆದ 1924ರ ಕಾಂಗ್ರೆಸ್ ಅಧಿವೇಶನಕ್ಕೆಂದು ತೋಡಿದ ಬಾವಿ ಟಿಳಕವಾಡಿಯಲ್ಲಿ ಇಂದಿಗೂ ಇದೆ. ಬಾವಿಗಳ ಊರಿನಲ್ಲಿ ನಾವು ಬಳಸುವ ಬಾವಿಗೇ ಕಸ ಸುರಿಯುತ್ತಿದ್ದೇವೆ.

ಗುಡಿ ಪಕ್ಕದ ಮನೆ: ಗುರುಗಳೇ, ಬಾವಿಯ ಮಾತು ಎತ್ತಿದ್ದು ಒಳ್ಳೆಯದಾಯಿತು. ಅದರ ಮೋಟಾರಿನ ಕರೆಂಟ್ ಬಿಲ್ಲನ್ನು ಹೋದ ವರ್ಷದಿಂದ ನಾನೊಬ್ಬನೇ ಕಟ್ಟುತ್ತಿದ್ದೇನೆ.

ಮೊದಲನೇ ಕ್ರಾಸ್: ನೀರನ್ನೂ ನೀವೇ ಹೆಚ್ಚು ಬಳಸುತ್ತೀರಲ್ಲ, ಕಾಕಾ.

ಮೂರನೇ ಕ್ರಾಸ್, ಕೊನೆಯ ಮನೆ: ಬಿಲ್ಲಿನ ಲೆಕ್ಕ ಆಮೇಲೆ ಇರಲಿ. ಅರ್ಜಿಗೆ ಯಾರು ಯಾರು ಸಹಿ ಮಾಡುತ್ತೀರಿ? ಮೋಡ ಇನ್ನೂ ಕವಿದೇ ಇದೆ.

ಎರಡನೇ ಕ್ರಾಸ್, ಮಹಡಿ ಮನೆ: ಬಿಲ್ಲಿನಲ್ಲಿ ಬಾಡಿಗೆದಾರರೂ ಪಾಲು ಕೊಡಬೇಕೇ?

ಗುಡಿ ಪಕ್ಕದ ಮನೆ: ಕೊಡಲೇಬೇಕು. ರವಿವಾರ ಗುಡಿಯಲ್ಲಿ ಸೇರಿ ಮೊದಲು ಅದನ್ನೇ ಇತ್ಯರ್ಥ ಮಾಡೋಣ.