ಸೊಂಟನೋವಿಗೆ ಗಟ್ಟಿ ಹಾಸಿಗೆಯೇ ಬೇಕೇ?

ಪ್ರಶ್ನೆ (ತುಂಗಾತೀರ, ಶಿವಮೊಗ್ಗ)

ನಮ್ಮ ತಾಯಿಯವರಿಗೆ 62 ವರ್ಷ. ಕಳೆದ ಮಳೆಗಾಲದಿಂದ ಬೆಳಿಗ್ಗೆ ಏಳುವಾಗ ಅವರ ಸೊಂಟ ಹಿಡಿದುಕೊಂಡಂತಾಗುತ್ತದೆ. ಸ್ವಲ್ಪ ಹೊತ್ತು ಓಡಾಡಿದ ಮೇಲೆ ಸಡಿಲವಾಗುತ್ತದೆ. ವೈದ್ಯರು ಪರೀಕ್ಷಿಸಿ, ನರಕ್ಕೆ ಸಂಬಂಧಿಸಿದ ತೊಂದರೆಯೇನೂ ಕಾಣುತ್ತಿಲ್ಲ, ಹಾಸಿಗೆ ಬದಲಿಸಿ ನೋಡಿ ಎಂದಿದ್ದಾರೆ. ಈಗಿರುವ ಹತ್ತಿಯ ಹಾಸಿಗೆ ಬಹಳ ಹಳೆಯದಾಗಿದ್ದು, ಹತ್ತಿ ಗಂಟುಗಟ್ಟಿ, ಸೊಂಟ ಬರುವ ಕಡೆಯೇ ತಗ್ಗು ಬಿದ್ದಿದೆ. ಬಂಧುಗಳು ಹಾಸಿಗೆಯೇ ಬೇಡ, ಚಾಪೆಯ ಮೇಲೆ ಮಲಗಲಿ ಎನ್ನುತ್ತಾರೆ. ಒಂದು ಅಂಗಡಿಯಲ್ಲಿ ‘ಆರ್ಥೋಪೆಡಿಕ್’ ಎಂದು ಬರೆದಿರುವ, ಒತ್ತಿದರೂ ತಗ್ಗದ ತೆಂಗಿನ ನಾರಿನ ಹಾಸಿಗೆಯನ್ನು ತೋರಿಸಿದರೆ, ಇನ್ನೊಂದರಲ್ಲಿ ಮೆಮೊರಿ ಫೋಮ್‌ಗಿಂತ ಬೇರೆ ಇಲ್ಲವೆಂದರು. ತಾಯಿಯವರು ತೆಳ್ಳಗಿದ್ದಾರೆ, ಹೆಚ್ಚಾಗಿ ಎಡಮಗ್ಗುಲಲ್ಲೇ ಮಲಗುತ್ತಾರೆ. ಯಾವ ಆಧಾರದ ಮೇಲೆ ಆರಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಫಿಸಿಯೋಥೆರಪಿಸ್ಟ್, ಮೈಸೂರು)

ಬೆನ್ನುನೋವಿಗೆ ಹಾಸಿಗೆ ಎಷ್ಟು ಗಟ್ಟಿಯಾದರೆ ಅಷ್ಟು ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಆದರೆ ಸ್ಪೇನ್‌ನಲ್ಲಿ ಬಹುಕಾಲದ ಸೊಂಟನೋವಿದ್ದ 313 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಗಟ್ಟಿ ಹಾಸಿಗೆಯನ್ನೂ ಇನ್ನೊಂದಕ್ಕೆ ಮಧ್ಯಮ ಗಟ್ಟಿತನದ ಹಾಸಿಗೆಯನ್ನೂ ಕೊಟ್ಟು 90 ದಿನ ಗಮನಿಸಿದ ಅಧ್ಯಯನವೊಂದು 2003ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಲಗಿರುವಾಗಿನ ನೋವು, ಏಳುವಾಗಿನ ನೋವು ಎರಡರಲ್ಲೂ ಮಧ್ಯಮ ಹಾಸಿಗೆಯವರಿಗೇ ಹೆಚ್ಚು ಆರಾಮ ಸಿಕ್ಕಿತು.

ಮಗ್ಗುಲಾಗಿ ಮಲಗುವವರ ಭಾರವೆಲ್ಲ ಭುಜ ಮತ್ತು ಸೊಂಟದ ಪಕ್ಕದ ಮೂಳೆಯ ಮೇಲೆ ಬೀಳುತ್ತದೆ. ಮೇಲ್ಮೈ ಗಟ್ಟಿಯಿದ್ದರೆ ಇವೆರಡೂ ಒಳಗಿಳಿಯದೆ ನಡುವಿನ ಭಾಗ ಆಸರೆಯಿಲ್ಲದೆ ಉಳಿಯುತ್ತದೆ. ತೀರ ಮೆತ್ತಗಿದ್ದರೆ ಸೊಂಟವೇ ಕುಸಿದು ಬೆನ್ನುಮೂಳೆ ಬಾಗುತ್ತದೆ. ತೆಳ್ಳಗಿನ ದೇಹದವರಿಗೆ ಗಟ್ಟಿ ಹಾಸಿಗೆ ಇನ್ನೂ ಗಟ್ಟಿಯೆನಿಸುವುದರಿಂದ, ನಿಮ್ಮ ತಾಯಿಯವರಿಗೆ ಚಾಪೆಯನ್ನು ನಾನು ಖಂಡಿತ ಸೂಚಿಸುವುದಿಲ್ಲ. ಅಂಗಡಿಯಲ್ಲಿ ಅವರನ್ನು ಮನೆಯಲ್ಲಿ ಮಲಗುವ ಹಾಗೆಯೇ ಹದಿನೈದು ನಿಮಿಷವಾದರೂ ಮಲಗಿಸಿ, ಹಿಂದೆ ನಿಂತು ಕತ್ತಿನಿಂದ ಸೊಂಟದವರೆಗೆ ಬೆನ್ನಿನ ಗೆರೆ ನೇರವಾಗಿದೆಯೇ ಎಂದು ನೋಡಿ. ಕೈಯಿಂದ ಒತ್ತಿ ನೋಡಿದರೆ ಏನೂ ತಿಳಿಯುವುದಿಲ್ಲ. ಮೊಣಕಾಲುಗಳ ನಡುವೆ ಒಂದು ದಿಂಬು ಇಟ್ಟುಕೊಳ್ಳುವ ಅಭ್ಯಾಸವನ್ನು ಇಂದಿನಿಂದಲೇ ಮಾಡಿಸಬಹುದು.

ಕಾಲು ಜೋಮು ಹಿಡಿಯುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹೇಗೆ ಮಲಗಿದರೂ ರಾತ್ರಿಯಿಡೀ ಕಡಿಮೆಯಾಗದ ನೋವು, ಇವುಗಳಲ್ಲಿ ಯಾವುದು ಕಂಡರೂ ಹಾಸಿಗೆಯ ವಿಚಾರವನ್ನು ಬದಿಗಿಟ್ಟು ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಉತ್ತರ (ಹಾಸಿಗೆ ವ್ಯಾಪಾರಿ, ಹುಬ್ಬಳ್ಳಿ)

‘ಆರ್ಥೋಪೆಡಿಕ್’ ಎಂಬುದನ್ನು ಮಾರಾಟದ ಹೆಸರೆಂದಷ್ಟೇ ತಿಳಿಯಿರಿ. ಯಾರು ಬೇಕಾದರೂ ಹಾಕಿಕೊಳ್ಳಬಹುದು. ಕೇಳಬೇಕಾದದ್ದು ಒಳಗೆ ಯಾವ ಪದರ ಎಷ್ಟು ಇಂಚು ಇದೆ, ಫೋಮ್‌ನ ಸಾಂದ್ರತೆ ಎಷ್ಟು ಎಂಬುದನ್ನು. ಸಾಂದ್ರತೆಯೆಂದರೆ ಒಂದು ಘನ ಮೀಟರ್ ಫೋಮ್‌ನ ತೂಕ. ಅದಕ್ಕೂ ಗಟ್ಟಿತನಕ್ಕೂ ನೇರ ಸಂಬಂಧವಿಲ್ಲ. ಸಾಂದ್ರತೆ ಕಡಿಮೆಯಿದ್ದ ಫೋಮ್ ಕೊಳ್ಳುವ ದಿನ ಗಟ್ಟಿಯಾಗಿಯೇ ಇದ್ದು, ಬೇಗ ತಗ್ಗು ಬೀಳುತ್ತದೆ. ಆಸರೆಯ ಪದರಕ್ಕೆ 32 ಕಿಲೋಗಿಂತ ಕಡಿಮೆಯದನ್ನು ನಾನು ಮನೆಯವರಿಗೆ ಕೊಡುವುದಿಲ್ಲ. 40 ಆದರೆ ಇನ್ನೂ ಒಳ್ಳೆಯದು.

ನಾರಿನ ಹಾಸಿಗೆಯೆಂದರೆ ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿದ ಹಲಗೆ. ಗಾಳಿಯಾಡುತ್ತದೆ, ಬೆಲೆಯೂ ಕಡಿಮೆ, ಆದರೆ ಮೇಲೆ ಒಂದೆರಡು ಇಂಚು ಒಳ್ಳೆಯ ಫೋಮ್ ಅಥವಾ ಲ್ಯಾಟೆಕ್ಸ್ (ರಬ್ಬರ್ ಹಾಲಿನಿಂದ ಮಾಡಿದ ಮೆತ್ತನೆಯ ಪದರ) ಇಲ್ಲದಿದ್ದರೆ ಮಗ್ಗುಲಾಗಿ ಮಲಗುವವರಿಗೆ ಒತ್ತುತ್ತದೆ. ಮೆಮೊರಿ ಫೋಮ್ ದೇಹದ ಬಿಸಿಗೆ ಮೆದುವಾಗಿ ನಿಧಾನವಾಗಿ ಮರಳುವ ವಸ್ತುವಾದ್ದರಿಂದ, ದಪ್ಪ ಪದರವಿದ್ದರೆ ವಯಸ್ಸಾದವರಿಗೆ ಮಗ್ಗುಲು ಬದಲಿಸಲು ಶ್ರಮವಾಗುತ್ತದೆ, ಬೇಸಿಗೆಯಲ್ಲಿ ಸೆಕೆಯೂ ಹೌದು. ಅವರಿಗೆ ಲ್ಯಾಟೆಕ್ಸ್ ಮೇಲ್ಪದರದ ನಾರಿನ ಹಾಸಿಗೆಯನ್ನೋ, ಒಂದೊಂದು ಸುರುಳಿಯೂ ಪ್ರತ್ಯೇಕ ಚೀಲದಲ್ಲಿರುವ ಪಾಕೆಟ್ ಸ್ಪ್ರಿಂಗ್ ಹಾಸಿಗೆಯನ್ನೋ ಮೊದಲು ತೋರಿಸಿ. ವಾರಂಟಿಯಲ್ಲಿ ಎಷ್ಟು ತಗ್ಗು ಬಿದ್ದರೆ ಬದಲಿಸಿ ಕೊಡುತ್ತಾರೆಂಬುದನ್ನು ಬರಹದಲ್ಲಿ ಪಡೆಯಿರಿ. ಮನೆಯಲ್ಲಿ ಬಳಸಿ ನೋಡಿ ಹಿಂದಿರುಗಿಸುವ ಅವಕಾಶವಿದ್ದರೆ ಅದನ್ನು ಬಿಡಬೇಡಿ.

ಉತ್ತರ (ಕಡಲೂರು, ಉಡುಪಿ)

ಹಾಸಿಗೆಯ ಜೊತೆಗೆ ಮಂಚವನ್ನೂ ನೋಡಿ. ನಡುವಿನ ಪಟ್ಟಿಗಳು ಬಾಗಿದ್ದರೆ ಅಥವಾ ಅವುಗಳ ಅಂತರ ಹೆಚ್ಚಿದ್ದರೆ ಹೊಸ ಹಾಸಿಗೆಯೂ ಅಲ್ಲಿಯೇ ತಗ್ಗುತ್ತದೆ. ಹಾಸಿಗೆಯ ಕೆಳಗೆ ಹಲಗೆ ಹಾಕುವುದಾದರೆ ಗಾಳಿಗೆ ರಂಧ್ರಗಳಿರಲಿ; ಮಳೆ ಹೆಚ್ಚಿರುವ ನಮ್ಮ ಕಡೆ ನಾರು ತೇವ ಹೀರಿ ಬೂಷ್ಟು ಹಿಡಿಯುತ್ತದೆ, ಶಿವಮೊಗ್ಗದಲ್ಲೂ ಆ ಭಯವಿದೆ. ದಪ್ಪವನ್ನು ನಿರ್ಧರಿಸುವಾಗ, ಮಂಚದ ಅಂಚಿನಲ್ಲಿ ಕುಳಿತರೆ ತಾಯಿಯವರ ಪಾದ ಪೂರ್ತಿ ನೆಲ ಮುಟ್ಟುವಂತಿರಲಿ.

ಮರುಪ್ರಶ್ನೆ (ತುಂಗಾತೀರ)

ಮೂವರಿಗೂ ಕೃತಜ್ಞತೆಗಳು. ತಾಯಿಯವರಿಗೆ ಹಳೆಯ ಹಾಸಿಗೆಯ ಮೇಲೆ ಬಹಳ ಅಕ್ಕರೆ. ಅದರ ಮೇಲೆಯೇ ಎರಡು ಇಂಚಿನ ಲ್ಯಾಟೆಕ್ಸ್ ಹಾಸಿದರೆ ಸಾಲುವುದೇ?

ಉತ್ತರ (ಹಾಸಿಗೆ ವ್ಯಾಪಾರಿ, ಹುಬ್ಬಳ್ಳಿ)

ಈಗಿರುವ ಸ್ಥಿತಿಯಲ್ಲಿ ಸಾಲದು. ಕೆಳಗಿನ ತಗ್ಗು ಮೇಲಿನ ಪದರದಲ್ಲೂ ಹಾಗೆಯೇ ಮೂಡುತ್ತದೆ. ಆದರೆ ಹತ್ತಿಯನ್ನು ಬಿಚ್ಚಿಸಿ, ಬಿಸಿಲಿಗೆ ಹಾಕಿ, ಹಿಂಜಿಸಿ, ಸ್ವಲ್ಪ ಹೊಸ ಹತ್ತಿ ಸೇರಿಸಿ ಹತ್ತಿರ ಹತ್ತಿರ ಹೊಲಿಗೆ ಹಾಕಿಸಿದರೆ ಅದೇ ಹಾಸಿಗೆ ಸಮತಟ್ಟಾದ, ಸಾಕಷ್ಟು ಬಿಗಿಯಾದ ತಳವಾಗುತ್ತದೆ. ಅದರ ಮೇಲೆ ಲ್ಯಾಟೆಕ್ಸ್ ಹಾಸಬಹುದು. ಹಿಂಜುವ ಪಿಂಜಾರರು ನಿಮ್ಮ ಊರಿನಲ್ಲಿ ಇನ್ನೂ ಸಿಗುತ್ತಾರೆಯೇ ಎಂದು ಮೊದಲು ವಿಚಾರಿಸಿ.