ಮನೆ ಗುಂಪಿನಲ್ಲಿ ಹೋಳಿ ಜಗಳ

ದೊಡ್ಡಪ್ಪ: (ವಿಡಿಯೊ) ನೋಡಿ ಇದನ್ನ. ಕಾಲೇಜು ಗೇಟಿನ ಮುಂದೆ ರಸ್ತೆ ತುಂಬಾ ಬಣ್ಣ, ಕುಣಿತ. ನಾವು ಓದುವಾಗ ಬೆಂಗಳೂರಿನಲ್ಲಿ ಇದೆಲ್ಲ ಎಲ್ಲಿತ್ತು? ಯಾರದೋ ಹಬ್ಬ ತಂದು ಇಲ್ಲಿ ಮಾಡುತ್ತಿದ್ದಾರೆ.

ಚಿಕ್ಕಪ್ಪ: ಸರಿಯಾಗಿ ಹೇಳಿದೆ ಅಣ್ಣ. ನಮಗೆ ಯುಗಾದಿ ಸಾಲದಾ?

ಬಾಗಲಕೋಟೆ ಅತ್ತೆ: ಅಣ್ಣಾ, ಒಂದು ಸಲ ಕಾಮನ ಹುಣ್ಣಿಮೆಗೆ ನಮ್ಮೂರಿಗೆ ಬಾ. ಹಲಗೆ ಸದ್ದಿಗೆ ರಾತ್ರಿ ನಿದ್ದೆ ಇರಲ್ಲ. ಕಾಮದಹನ ಆದ ಮೇಲೆ ಬಂಡಿ, ಟ್ರ್ಯಾಕ್ಟರ್ ಮೇಲೆ ಬಣ್ಣದ ನೀರಿನ ಬ್ಯಾರಲ್ ಇಟ್ಟುಕೊಂಡು ಓಣಿ ಓಣಿ ತಿರುಗುತ್ತಾರೆ. ಹುಬ್ಬಳ್ಳಿಯವರು ಐದನೇ ದಿನ ರಂಗಪಂಚಮಿಗೆ ಆಡುತ್ತಾರೆ. ನಾವೇನು ಬೇರೆ ರಾಜ್ಯದವರಾ?

ದೊಡ್ಡಪ್ಪ: ನಾನು ಹೇಳಿದ್ದು ಬೆಂಗಳೂರಿನ ಮಾತು.

ನಾನು: ಬೆಂಗಳೂರಿನಲ್ಲೂ ಇತ್ತು ದೊಡ್ಡಪ್ಪ. ಚಿಕ್ಕಪೇಟೆ ಕಡೆಯ ಮಾರವಾಡಿ ಮನೆಗಳಲ್ಲಿ ತಲೆಮಾರುಗಳಿಂದ ಆಡುತ್ತಾರೆ. ನನ್ನ ಕ್ಲಾಸಿನಲ್ಲಿ ಕಲಬುರಗಿಯವಳಿದ್ದಾಳೆ, ಪಾಟ್ನಾದವಳಿದ್ದಾಳೆ. ಪರೀಕ್ಷೆ ಹತ್ತಿರ ಅಂತ ಇಬ್ಬರೂ ಊರಿಗೆ ಹೋಗಲಿಲ್ಲ. ಹಬ್ಬದ ದಿನ ಪೀಜಿ ರೂಮಿನಲ್ಲಿ ಸುಮ್ನೆ ಕೂತಿರಬೇಕಾ?

ಚಿಕ್ಕಪ್ಪ: ನೀರಿನ ಕಥೆ ಏನು ಪುಟ್ಟಿ? 2024ರ ಬೇಸಿಗೆ ಮರೆತೆಯಾ? ಹೋಳಿಯ ಪೂಲ್ ಪಾರ್ಟಿ, ರೇನ್ ಡ್ಯಾನ್ಸ್‌ಗೆ ಕಾವೇರಿ ನೀರು, ಬೋರ್‌ವೆಲ್ ನೀರು ಬಳಸಬೇಡಿ ಅಂತ ಜಲಮಂಡಳಿಯೇ ಹೇಳಿತ್ತು. ಕಾವೇರಿ ನೀರು ಅಂದರೆ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುವ ನೀರು.

ನಾನು: ಒಪ್ಪುತ್ತೇನೆ ಚಿಕ್ಕಪ್ಪ. ಅದಕ್ಕೇ ನಾವು ಒಣ ಬಣ್ಣದಲ್ಲಿ ಆಡಿದ್ದು. ಆದರೆ ಈ ವಿಡಿಯೊದಲ್ಲಿ ನನಗೆ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಇನ್ನೊಂದು ಸಲ ಹಾಕಿ, ಎಡಗಡೆ ನೋಡಿ. ಸೆಕ್ಯುರಿಟಿ ಅಂಕಲ್ ಎರಡೂ ಕೈ ಅಡ್ಡ ಹಿಡಿದು ಬೇಡ ಬೇಡ ಅನ್ನುತ್ತಿದ್ದಾರೆ. ಇಬ್ಬರು ಬಂದು ಮುಖಕ್ಕೆ ಬಳಿದು ನಗುತ್ತಾ ಓಡುತ್ತಾರೆ. ಯೂನಿಫಾರ್ಮ್ ಕಾಲರ್ ಪೂರ್ತಿ ಗುಲಾಬಿ. ಅದೇ ಶರ್ಟಿನಲ್ಲಿ ಅವರು ಡ್ಯೂಟಿ ಮುಗಿಸಬೇಕು. ಹುಡುಗಿಯರಿಗೂ ಇದೇ ಗತಿ. ಬೇಡ ಅಂದರೂ ‘ಹಬ್ಬ ಅಲ್ವಾ’ ಅಂತ ಮೈಮೇಲೆ ಬರುತ್ತಾರೆ. ನೂಕುನುಗ್ಗಲಲ್ಲಿ ಯಾರ ಕೈ ಅಂತಾನೂ ಗೊತ್ತಾಗಲ್ಲ. ಬಯ್ಯುವುದಾದರೆ ಇದನ್ನು ಬಯ್ಯಿರಿ, ನಾನೂ ಸೇರುತ್ತೇನೆ. ಯಾರ ಹಬ್ಬ ಅಂತ ಜಗಳ ಆಡುತ್ತಾ ಕೂತರೆ ಆ ಅಂಕಲ್ ಯಾರ ಕಣ್ಣಿಗೂ ಬೀಳಲ್ಲ.

ದೊಡ್ಡಪ್ಪ: ಈಗ ನೋಡಿದೆ. ಪಾಪ, ವಯಸ್ಸಾದವರು.

ಡಾಕ್ಟರ್ ಅಕ್ಕ: ಬಣ್ಣದ್ದೂ ಒಂದು ಮಾತು. ಬೊಂಬಾಯಿ ಮಿಠಾಯಿಗೆ ಹಾಕುತ್ತಿದ್ದ ರೋಡಮೈನ್-ಬಿ ಬಣ್ಣವನ್ನು 2024ರಲ್ಲಿ ನಮ್ಮ ಸರ್ಕಾರ ನಿಷೇಧಿಸಿತು, ನೆನಪಿದೆಯಾ? ಅದು ಬಟ್ಟೆಗೆ ಹಾಕುವ ಬಣ್ಣ. ಅಂಥದ್ದನ್ನು ಕಣ್ಣಿಗೆ, ಬಾಯಿಗೆ ಎರಚಬಾರದು. ಬಿಡಿಯಾಗಿ ಮಾರುವ ಹೊಳೆಯುವ ಬಣ್ಣ ಬೇಡವೇ ಬೇಡ.

ಬಾಗಲಕೋಟೆ ಅತ್ತೆ: ಮನೆಯಲ್ಲೇ ಮಾಡಿಕೊಳ್ಳಿ. ಆರತಿಗೆ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಎಷ್ಟು ಚೆನ್ನಾಗಿ ಕೆಂಪಾಗುತ್ತೆ!

ಡಾಕ್ಟರ್ ಅಕ್ಕ: ಅತ್ತೆ, ಸುಣ್ಣ ಕಣ್ಣಿಗೆ ಬಿದ್ದರೆ ಕಷ್ಟ. ಅದು ಆರತಿ ತಟ್ಟೆಯಲ್ಲೇ ಇರಲಿ.

ಬಾಗಲಕೋಟೆ ಅತ್ತೆ: ಹಾಗಾದರೆ ಮುತ್ತುಗದ ಹೂವು ಕುದಿಸಿ. ಹೋಳಿ ಹೊತ್ತಿಗೇ ಗಿಡದ ತುಂಬಾ ಬಿಡುತ್ತೆ. ಒಳ್ಳೇ ಕೇಸರಿ ಬಣ್ಣ.

ದೊಡ್ಡಪ್ಪ: ಅದೆಲ್ಲ ಇರಲಿ. ರಸ್ತೆಯಲ್ಲಿ ಯಾಕೆ? ಆಂಬುಲೆನ್ಸ್ ಬಂದರೆ? ಮಾರನೇ ದಿನ ಗುಡಿಸುವವರು ಪೌರಕಾರ್ಮಿಕರು. ಕಾಲೇಜಿಗೆ ಮೈದಾನ ಇಲ್ವಾ?

ನಾನು: ಇದೆ, ಕೊಡಲ್ಲ. ಹೋಳಿ ದಿನ ಗೇಟಿಗೆ ಬೀಗ. ಅದಕ್ಕೇ ಎಲ್ಲರೂ ರಸ್ತೆಗೆ ಬರುತ್ತಾರೆ. ಮಧ್ಯಾಹ್ನದವರೆಗೆ ಮೈದಾನ ಬಿಡಿ, ಒಣ ಬಣ್ಣ ಮಾತ್ರ, ಕೇಳದೆ ಯಾರಿಗೂ ಹಚ್ಚುವಂತಿಲ್ಲ, ಗುಡಿಸುವುದು ನಮ್ಮ ಕೆಲಸ ಅಂತ ಪ್ರಿನ್ಸಿಪಾಲರಿಗೆ ಪತ್ರ ಕೊಡಬೇಕು ಅಂದುಕೊಂಡಿದ್ದೇವೆ. ನಿಮ್ಮ ಕನ್ನಡ ಚೆನ್ನಾಗಿದೆ ದೊಡ್ಡಪ್ಪ. ಒಂದು ಸಲ ತಿದ್ದಿ ಕೊಡುತ್ತೀರಾ?

ದೊಡ್ಡಪ್ಪ: ಕಳಿಸು, ನೋಡುತ್ತೇನೆ. ಸೆಕ್ಯುರಿಟಿಯವರ ವಿಷಯ ಮೊದಲನೇ ಸಾಲಿನಲ್ಲೇ ಇರಲಿ. ಆದರೆ ಇದು ಬೆಂಗಳೂರಿನ ಹಬ್ಬ ಅಂತ ನಾನೇನು ಒಪ್ಪಿಲ್ಲ.

ಬಾಗಲಕೋಟೆ ಅತ್ತೆ: ಮುಂದಿನ ವರ್ಷ ಇಲ್ಲಿಗೆ ಬಾ ಅಣ್ಣಾ, ಆಮೇಲೆ ಮಾತಾಡೋಣ.