ಟೆಕ್ ಡೈವಿಂಗ್ ಪ್ರಶ್ನೋತ್ತರ: ವಾಲ್ವ್ ಕೈಗೆ ಎಟುಕುತ್ತಿಲ್ಲ, ಕಾಲು ಕೆಳಗೆ ಜಾರುತ್ತಿದೆ

ಪ್ರಶ್ನೆ: ನಾನಿರುವುದು ಬೆಂಗಳೂರಿನಲ್ಲಿ. ನೇತ್ರಾಣಿ, ಹ್ಯಾವ್‌ಲಾಕ್ ಎರಡೂ ಕಡೆ ಡೈವ್ ಮಾಡಿದ್ದೇನೆ. ಅಡ್ವಾನ್ಸ್‌ಡ್, ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ಕೋರ್ಸ್‌ಗಳು ಮುಗಿದಿವೆ. ಟೆಕ್ ಕೋರ್ಸಿಗೆ (ಸಾಮಾನ್ಯ ಮಿತಿ ಮೀರಿದ ಡೈವಿಂಗ್ ಕಲಿಸುವುದು) ಮೊದಲು ಕೈ ಪಳಗಲಿ ಅಂತ ಪರಿಚಯದ ಹಿರಿಯ ಡೈವರ್ ಒಬ್ಬರ ಜೊತೆ ಟ್ವಿನ್‌ಸೆಟ್ (ಬೆನ್ನಿಗೆ ಜೋಡಿ ಸಿಲಿಂಡರ್) ಹಾಕಿಕೊಂಡು ಪೂಲ್‌ನಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಬೆನ್ನ ಹಿಂದಿನ ವಾಲ್ವ್‌ಗಳಿಗೆ ಕೈ ಎಟುಕುತ್ತಿಲ್ಲ, ಅದರಲ್ಲೂ ಎರಡೂ ಸಿಲಿಂಡರ್‌ಗಳನ್ನು ಬೇರ್ಪಡಿಸುವ ನಡುವಿನ ವಾಲ್ವ್, ಐಸೊಲೇಟರ್. ಜೊತೆಗೆ ಫಿನ್ ನಿಲ್ಲಿಸಿದ ಕೂಡಲೇ ಕಾಲು ಕೆಳಗೆ ಹೋಗುತ್ತದೆ. ನಾನು ಭುಜದ ವ್ಯಾಯಾಮ ಶುರು ಮಾಡಿದ್ದೇನೆ. ಅವರು ಮಾತ್ರ ಒಂದು ಸಲ ನೀರಿಗಿಳಿದರೆ ಒಂದೇ ಬದಲಾವಣೆ ಅನ್ನುತ್ತಾರೆ. ಹೀಗಾದರೆ ವರ್ಷಗಟ್ಟಲೆ ಹಿಡಿಯುತ್ತದೆ ಅಲ್ವಾ?

ಉತ್ತರ (ಟೆಕ್ ಇನ್‌ಸ್ಟ್ರಕ್ಟರ್): ವ್ಯಾಯಾಮ ಒಳ್ಳೆಯದೇ, ಬಿಡಬೇಡಿ. ಆದರೆ ನನ್ನ ಅನುಮಾನ ನಿಮ್ಮ ಭುಜದ ಮೇಲಲ್ಲ, ಪಟ್ಟಿಯ ಮೇಲೆ. ಬಿಸಿಡಿ (ಗಾಳಿ ತುಂಬುವ ಡೈವಿಂಗ್ ಜಾಕೆಟ್) ಹಾಕಿ ರೂಢಿಯಾದವರು ಹಾರ್ನೆಸ್ ಪಟ್ಟಿಯನ್ನೂ ಹಾಗೇ ಬಿಗಿಯಾಗಿ ಎಳೆದುಕೊಳ್ಳುತ್ತಾರೆ. ಪಟ್ಟಿ ಕಂಕುಳನ್ನು ಕಚ್ಚಿ ಹಿಡಿದರೆ ಮೊಣಕೈ ಮೇಲೇಳುವುದೇ ಇಲ್ಲ. ಸೆಟ್ ಹಾಕಿ ನಿಂತಾಗ ಭುಜದ ಮುಂದೆ ಪಟ್ಟಿಯ ಕೆಳಗೆ ಅಂಗೈ ಸಲೀಸಾಗಿ ತೂರಬೇಕು. ಸಡಿಲ ಬಿಟ್ಟರೆ ಅಲ್ಲಾಡುತ್ತದೆ ಅನ್ನುವ ಭಯ ಬೇಡ. ಸೆಟ್ಟನ್ನು ಜಾಗದಲ್ಲಿ ಹಿಡಿಯುವುದು ಸೊಂಟದ ಪಟ್ಟಿ ಮತ್ತು ಕಾಲ ಸಂದಿನ ಪಟ್ಟಿ.

ಅದಾದ ಮೇಲೂ ಎಟುಕದಿದ್ದರೆ ಸಿಲಿಂಡರ್ ಎತ್ತರ ನೋಡಿ. ಸ್ಟೀಲ್ ಬ್ಯಾಂಡ್‌ಗಳನ್ನು ಸಿಲಿಂಡರ್ ಮೇಲೆ ಒಂದೆರಡು ಸೆಂಟಿಮೀಟರ್ ಕೆಳಗಿಳಿಸಿ ಬಿಗಿದರೆ ವಾಲ್ವ್‌ಗಳು ಅಷ್ಟೇ ತಲೆಯ ಕಡೆ ಏರುತ್ತವೆ. ಮಿತಿ ಎಲ್ಲಿ? ಅಡ್ಡ ಮಲಗಿ ಮುಂದೆ ನೋಡಲು ತಲೆ ಎತ್ತಿದಾಗ ಹಿಂದಲೆ ಮ್ಯಾನಿಫೋಲ್ಡ್‌ಗೆ (ಎರಡೂ ಸಿಲಿಂಡರ್ ಜೋಡಿಸುವ ಕೊಳವೆ) ತಾಗಿದರೆ ಜಾಸ್ತಿ ಏರಿಸಿದ್ದೀರಿ ಅಂತ ಅರ್ಥ.

ಒಂದು ಸಲಕ್ಕೆ ಒಂದೇ ಬದಲಾವಣೆ ಅನ್ನುವ ನಿಮ್ಮ ಗುರುಗಳ ಮಾತಿಗೆ ಕಾರಣ ಇಲ್ಲೇ ಇದೆ. ಸಿಲಿಂಡರ್ ಏರಿಸಿದರೆ ಭಾರವೂ ತಲೆಯ ಕಡೆ ಸರಿಯುತ್ತದೆ, ಅದರಿಂದಲೇ ನಿಮ್ಮ ಕಾಲು ಸ್ವಲ್ಪ ಮೇಲೆ ಬರಬಹುದು. ಅದೇ ದಿನ ಸೊಂಟದ ಸೀಸವನ್ನೂ ಮೇಲಕ್ಕೆ ಹಾಕಿ, ಭಾರದ ರಬ್ಬರ್ ಫಿನ್ ತೆಗೆದು ಹಗುರದ್ದು ತೊಟ್ಟರೆ? ಮುಗ್ಗರಿಸುತ್ತೀರಿ, ಯಾವುದರಿಂದ ಅಂತ ಗೊತ್ತೇ ಆಗುವುದಿಲ್ಲ. ಬದಲಾವಣೆಗೆ ಮೊದಲು ಪಟ್ಟಿಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದಿಡಿ. ಸರಿಹೋಗದಿದ್ದರೆ ಹಿಂದಿನ ಜಾಗ ಹುಡುಕಬೇಕಾಗುವುದಿಲ್ಲ.

ಕಾಲಿನ ವಿಷಯಕ್ಕೆ ಇನ್ನೊಂದು ಪರೀಕ್ಷೆ ಇದೆ. ಹತ್ತು ಸೆಕೆಂಡ್ ಕೈಕಾಲು ಆಡಿಸದೆ ಇರಿ, ಅವರು ಪಕ್ಕದಿಂದ ವಿಡಿಯೊ ಮಾಡಲಿ. ಕಾಲು ಇಳಿದು ನೀವೂ ಇಳಿದರೆ ವಿಂಗ್‌ನಲ್ಲಿ (ತೇಲಲು ಗಾಳಿ ತುಂಬುವ ಬೆನ್ನ ಹಿಂದಿನ ಚೀಲ) ಗಾಳಿ ಕಡಿಮೆ ಇದೆ. ಕಾಲು ಕೆಳಗಿದ್ದವರು ಫಿನ್ ಹೊಡೆದಾಗೆಲ್ಲ ಸ್ವಲ್ಪ ಮೇಲಕ್ಕೂ ಹೋಗುತ್ತಾರೆ. ಅದನ್ನು ತಡೆಯಲು ಗಾಳಿ ಬಿಟ್ಟುಬಿಡುತ್ತಾರೆ. ಈಜುವಾಗ ಎಲ್ಲ ಸರಿ ಅನ್ನಿಸುತ್ತದೆ, ನಿಂತಾಗ ಬಣ್ಣ ಬಯಲಾಗುತ್ತದೆ.

ಪ್ರಶ್ನೆ: ಪೂಲ್ ಎರಡು ಮೀಟರ್ ಆಳ ಅಷ್ಟೇ. ಇಲ್ಲಿ ವಾಲ್ವ್ ಡ್ರಿಲ್ (ವಾಲ್ವ್ ಮುಚ್ಚಿ ತೆರೆಯುವ ಅಭ್ಯಾಸ) ಮಾಡಿ ಪ್ರಯೋಜನ ಇದೆಯಾ?

ಉತ್ತರ: ಖಂಡಿತ ಇದೆ. ಒತ್ತಡದ ಏರಿಳಿತ ಮೇಲ್ಮೈ ಹತ್ತಿರವೇ ಹೆಚ್ಚು ತೊಂದರೆ ಕೊಡುವುದು. ಎರಡು ಮೀಟರ್‌ನಲ್ಲಿ ಒಂದೇ ಮಟ್ಟದಲ್ಲಿ ನಿಲ್ಲಬಲ್ಲವರಿಗೆ ಆರು ಮೀಟರ್ ಸುಲಭ.

ಮೊದಲು ಬಲ ಪೋಸ್ಟ್, ಅಂದರೆ ಬಲ ಸಿಲಿಂಡರಿನ ವಾಲ್ವ್. ಪೂರ್ತಿ ಮುಚ್ಚಿ, ಬಾಯಲ್ಲಿರುವ ರೆಗ್ಯುಲೇಟರ್ ಗಾಳಿ ಕೊಡುವುದನ್ನು ನಿಲ್ಲಿಸುವ ತನಕ ಉಸಿರಾಡಿ, ಆಮೇಲೆ ಕೊರಳಲ್ಲಿ ತೂಗುವ ಬ್ಯಾಕಪ್‌ಗೆ ಬದಲಿಸಿ. ಬಲ ಪೋಸ್ಟ್ ತೆರೆದು ಮೊದಲಿನದಕ್ಕೆ ವಾಪಸ್ ಬನ್ನಿ. ನಂತರ ಐಸೊಲೇಟರ್, ಕೊನೆಗೆ ಎಡ ಪೋಸ್ಟ್. ಮೊಣಕೈ ಪಕ್ಕಕ್ಕೆ ಚಾಚಬೇಡಿ, ಕಿವಿಗೆ ಒರಸಿಕೊಂಡು ಮುಂದಕ್ಕೆ ತನ್ನಿ. ಇನ್ನೊಂದು ಕೈಯಿಂದ ಸಿಲಿಂಡರ್ ತಳವನ್ನು ತಲೆಯ ಕಡೆ ತಳ್ಳಿದರೆ ಬೇಕಾದ ಕೊನೆಯ ಅಂಗುಲ ಸಿಗುತ್ತದೆ. ನಿಮ್ಮವರು ಎದುರಿಗೇ ಇರಲಿ, ಅವರ ಲಾಂಗ್ ಹೋಸ್ (ಗಾಳಿ ಹಂಚಿಕೊಳ್ಳಲು ಇರುವ ಉದ್ದ ಕೊಳವೆಯ ರೆಗ್ಯುಲೇಟರ್) ಕೊಡಲು ಸಿದ್ಧವಿರಲಿ. ಒಬ್ಬರೇ ಇದ್ದಾಗ ವಾಲ್ವ್ ಮುಚ್ಚಲೇಬೇಡಿ.

ಮುಗಿದ ಮೇಲೆ ಮೂರೂ ವಾಲ್ವ್ ತೆರೆದಿವೆಯಾ ಅಂತ ಇನ್ನೊಮ್ಮೆ ಮುಟ್ಟಿ ನೋಡಿ. ಐಸೊಲೇಟರ್ ಮುಚ್ಚಿಯೇ ಉಳಿದರೆ ಏನಾಗುತ್ತದೆ ಗೊತ್ತಾ? ಗೇಜ್ ಇರುವುದು ಎಡ ಪೋಸ್ಟ್‌ನಲ್ಲಿ, ನೀವು ಉಸಿರಾಡುವುದು ಬಲದಿಂದ. ಗೇಜ್ ಮುಳ್ಳು 180ರಲ್ಲೇ ನಿಂತಿರುತ್ತದೆ, ಬಲ ಸಿಲಿಂಡರ್ ಮಾತ್ರ ಖಾಲಿಯಾಗುತ್ತಾ ಹೋಗುತ್ತದೆ. ಹೊತ್ತು ಕಳೆದರೂ ಮುಳ್ಳು ಕದಲಲಿಲ್ಲ ಅಂದರೆ ನನ್ನ ಗಾಳಿಯ ಬಳಕೆ ಎಷ್ಟು ಕಡಿಮೆ ಅಂತ ಖುಷಿಪಡಬೇಡಿ, ಐಸೊಲೇಟರ್ ಮುಟ್ಟಿ ನೋಡಿ.

ಇನ್ನೊಬ್ಬ ಸದಸ್ಯರು: ಸೈಡ್‌ಮೌಂಟ್ (ಸಿಲಿಂಡರ್ ಬೆನ್ನಿಗಲ್ಲ, ಪಕ್ಕಕ್ಕೆ) ಹಾಕಿದರೆ ವಾಲ್ವ್ ಕಣ್ಣೆದುರಿಗೇ ಇರುತ್ತದೆ. ಇಷ್ಟೆಲ್ಲ ಒದ್ದಾಟ ಯಾಕೆ?

ಉತ್ತರ: ನಿಜ, ಭುಜಕ್ಕೆ ಹಿಂದೆ ಪೆಟ್ಟಾಗಿದ್ದವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾಗುತ್ತಾ ಬಂದ ಹಾಗೆ ತಳ ಮೇಲೇಳುತ್ತದೆ, ಡೈವ್ ನಡುವೆ ಕ್ಲಿಪ್ ಬದಲಿಸುತ್ತಲೇ ಇರಬೇಕು. ಹೊಂದಿಸುವ ಕೆಲಸ ತಪ್ಪುವುದಿಲ್ಲ, ಜಾಗ ಬದಲಾಗುತ್ತದೆ ಅಷ್ಟೇ.

ಅಲ್ಯೂಮಿನಿಯಂ ಅಂದಾಗ ಒಂದು ಮಾತು. 11 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ತುಂಬಿದರೆ ಗಾಳಿಯ ತೂಕವೇ ಎರಡೂವರೆ ಕೆಜಿ ದಾಟುತ್ತದೆ. ಟ್ವಿನ್‌ಸೆಟ್‌ನಲ್ಲಿ ಅದರ ಎರಡು ಪಟ್ಟು. ಹಾಗಾಗಿ ಸೀಸ ಎಷ್ಟು ಬೇಕು ಅಂತ ತುಂಬಿದ ಸಿಲಿಂಡರ್‌ನಲ್ಲಿ ನೋಡಬೇಡಿ. 50 ಬಾರ್ ಉಳಿದಾಗ, ವಿಂಗ್ ಖಾಲಿ ಮಾಡಿ, ಮೂರು ಮೀಟರ್‌ನಲ್ಲಿ ನಿಲ್ಲಲು ಆಗುತ್ತದಾ ನೋಡಿ. ಡಿಕೋ ಸ್ಟಾಪ್ (ಮೇಲೆ ಬರುವಾಗ ದೇಹದಲ್ಲಿ ಕರಗಿದ ಅನಿಲ ಹೊರಹೋಗಲು ನಿಲ್ಲುವುದು) ಬಿಟ್ಟು ಮೇಲೆ ತೇಲುವುದು ಟೆಕ್‌ನಲ್ಲಿ ಸಣ್ಣ ವಿಷಯ ಅಲ್ಲ.

ಪ್ರಶ್ನೆ: ಡಿಎಸ್‌ಎಂಬಿ (ನೀರಿನಡಿಯಿಂದ ಊದಿ ಮೇಲೆ ಬಿಡುವ ಗುರುತಿನ ಬಲೂನು) ಬಿಡುವಾಗ ನಾನೂ ಜೊತೆಗೆ ಮೇಲೆ ಹೋಗುತ್ತೇನೆ.

ಉತ್ತರ: ಉಸಿರು ಎಳೆದು ಊದುತ್ತೀರಿ, ಆ ಉಸಿರೇ ನಿಮ್ಮನ್ನು ಎತ್ತುತ್ತದೆ. ಊದಿದ ಕೂಡಲೇ ಬಿಟ್ಟುಬಿಡಿ. ಪೂರ್ತಿ ತುಂಬುವ ಆಸೆ ಬೇಡ. ಹತ್ತು ಮೀಟರ್‌ನಲ್ಲಿ ಹಾಕಿದ ಒಂದು ಲೀಟರ್ ಮೇಲೆ ಹೋದಾಗ ಎರಡಾಗುತ್ತದೆ. ಅದರ ದಾರದ ಸ್ಪೂಲ್ ಮೈಗೆ ಕ್ಲಿಪ್ ಮಾಡಿಕೊಂಡಿರಬಾರದು. ದಾರ ಸಿಕ್ಕಿಕೊಂಡರೆ ಕೈಬಿಡಿ, ದುಡ್ಡು ಹೋಗಲಿ.

ಪ್ರಶ್ನೆ: ಇವೆಲ್ಲ ಸರಿಯಾದ ಮೇಲೆ ಇವರ ಜೊತೆಗೇ 45 ಮೀಟರ್‌ಗೆ ಹೋಗಬಹುದಾ?

ಉತ್ತರ: ಬೇಡ. ರಿಕ್ರಿಯೇಷನಲ್ ಮಿತಿ 40 ಮೀಟರ್, ಅದೂ ಡೀಪ್ ತರಬೇತಿ ಇದ್ದವರಿಗೆ, ಡಿಕೋ ಇಲ್ಲದೆ. ಗುರುಗಳ ಜೊತೆ ಕೈ ಪಳಗಿಸಿಕೊಳ್ಳಿ, ಆಳಕ್ಕೆ ಮತ್ತು ಡಿಕೋಗೆ ಕೋರ್ಸ್ ಮಾಡಿ. ಸ್ಟೇಜ್ ಸಿಲಿಂಡರ್ (ಪಕ್ಕಕ್ಕೆ ಹಾಕುವ ಹೆಚ್ಚುವರಿ ಸಿಲಿಂಡರ್) ಹಿಡಿದು ಈಜುವ ಅಭ್ಯಾಸ ಈಗಲೇ ಮಾಡಬಹುದು, ಆದರೆ ಅದರಲ್ಲಿ ಗಾಳಿಯನ್ನೇ ತುಂಬಿಸಿ. ಶೇಕಡಾ 50 ಆಮ್ಲಜನಕದ ಮಿಶ್ರಣವನ್ನು 21 ಮೀಟರ್‌ಗಿಂತ ಕೆಳಗೆ ಉಸಿರಾಡಬಾರದು, ಶುದ್ಧ ಆಮ್ಲಜನಕವನ್ನು 6 ಮೀಟರ್‌ಗಿಂತ ಕೆಳಗೆ. ಹಾಗೆ ಮಾಡಿದರೆ ನೀರಿನಡಿಯಲ್ಲೇ ಫಿಟ್ಸ್ ಬರಬಹುದು. ಹೊಸದಾಗಿ ಕಲಿಯುವಾಗ ಯಾವ ಹೋಸ್ ಯಾವ ಸಿಲಿಂಡರಿನದ್ದು ಅಂತ ಕೈ ತಡವರಿಸುವುದು ಸಹಜ. ಸಿಲಿಂಡರ್ ಯಾರದ್ದೇ ಆಗಿರಲಿ, ನೀರಿಗಿಳಿಯುವ ಮೊದಲು ನೀವೇ ಆಮ್ಲಜನಕ ಅಳೆಯುವ ಅನಲೈಸರ್ ಹಿಡಿದು ನೋಡಿ, ಟೇಪ್ ಮೇಲೆ ಬರೆದು ಅಂಟಿಸಿ.